ಅಲ್ಲಾಡುತ್ತಿದ್ದ ಹಲ್ಲು ನಿಂತದ್ದು

ಹಲ್ಲಿನ ಡಾಕ್ಟರರಾಗಲು ಹೊರಟ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಮೊದಲು ಕೇಳುವುದು ಯಂತ್ರಗಳ ಬಗ್ಗೆ. ಆಗ ನಿಮ್ಮ ಹತ್ತಿರ ಏನೇನಿತ್ತು ಎನ್ನುತ್ತಾರೆ. ಕಾಲಿನಿಂದ ತುಳಿದು ತಿರುಗಿಸುವ ಕೊರೆಯುವ ಯಂತ್ರವೊಂದಿತ್ತು. ಸಲಕರಣೆ ಕುದಿಸಲು ಸ್ಟೋವು, ಕೂತವರು ಅಲುಗಿದರೆ ಕಿರ್ ಅನ್ನುವ ಕಬ್ಬಿಣದ ಕುರ್ಚಿ, ಕಿಟಕಿಯಿಂದ ಬರುವ ಸೋಲಾಪುರದ ಬಿಸಿಲು. ಲೈಟು ಹೋಗುತ್ತಿತ್ತು, ಬಿಸಿಲು ಮಾತ್ರ ನಮ್ಮನ್ನು ಎಂದೂ ಕೈಬಿಡಲಿಲ್ಲ. ಇಷ್ಟು ಹೇಳಿದರೆ ಹುಡುಗರು ಅಯ್ಯೋ ಪಾಪ ಎನ್ನುವ ಮುಖ ಮಾಡುತ್ತಾರೆ. ಆದರೆ ನನ್ನ ಕಸುಬಿನ ಮುಖ್ಯ ಪಾಠ ನನಗೆ ಸಿಕ್ಕಿದ್ದು ಯಾವ ಯಂತ್ರದಿಂದಲೂ ಅಲ್ಲ. ಹನ್ನೂರೆಂಬ ಹಳ್ಳಿಯ ಒಂದು ಮನೆಯ ಅಂಗಳದಲ್ಲಿ, ಅರ್ಧಕ್ಕೆ ಕೆಟ್ಟುಹೋದ ಒಂದು ಚಿಕಿತ್ಸೆಯಿಂದ. ಅದನ್ನೇ ಬರೆಯುತ್ತೇನೆ.

ನಮ್ಮದು ಸೋಲಾಪುರದಲ್ಲೇ ಬೇರುಬಿಟ್ಟ ಮನೆತನ. ಅಜ್ಜ, ಅಪ್ಪ ಇಬ್ಬರೂ ಕೋರ್ಟಿನ ಕಾರಕೂನರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಎರಡರಲ್ಲೂ ಜಗಳವಾಡಬಲ್ಲೆ ಎಂದು ಅವ್ವ ಹೇಳುತ್ತಿದ್ದಳು. ಮುಂಬಯಿಯಲ್ಲಿ ಹಲ್ಲಿನ ವೈದ್ಯಕೀಯ ಕಲಿತು ಎಪ್ಪತ್ತರ ದಶಕದ ನಡುವೆ ಊರಿಗೆ ಮರಳಿದಾಗ ನನಗೆ ಕೆಲಸ ಕೊಟ್ಟವರು ಡಾಕ್ಟರ್ ವಸಂತರಾವ್. ನವಿ ಪೇಠದ ಅರಿವೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ದವಾಖಾನೆ. ವಾರಕ್ಕೊಂದು ದಿನ, ಸಂತೆಯ ದಿನ, ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಕೂಡುತ್ತಿದ್ದರು. ನಾನು ಬಂದ ಮೇಲೆ ಅಕ್ಕಲಕೋಟೆ ನನ್ನ ಪಾಲಿಗೆ ಬಂತು.

ಹೆಣ್ಣುಮಗಳೊಬ್ಬಳು ಹಲ್ಲು ಕೀಳುತ್ತಾಳಂತೆ ಎಂದು ಸಂತೆಗೆ ಬಂದವರು ಮೊದಮೊದಲು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ‘ಬಾಯಿ’ ಅನ್ನುತ್ತಾರಲ್ಲ, ಹಾಗೆ ನಾನು ಡಾಕ್ಟರಬಾಯಿ ಆದೆ. ಬಾಯಿ ನೋಡುವ ಡಾಕ್ಟರಾದ್ದರಿಂದ ಯಾರೋ ತಮಾಷೆಯವರು ‘ಬಾಯಿ ಡಾಕ್ಟರಬಾಯಿ’ ಎಂದು ಹೆಸರಿಟ್ಟರು. ಅದೇ ನಿಂತಿತು.

ವಸಂತರಾವ್ ಸರ್ ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತಾಡುವಾಗ ಬಾಯಿಗೆ ಅಡ್ಡ ಹಿಡಿದ ಕರವಸ್ತ್ರ. ಅವರ ಕೈ ಎಷ್ಟು ಹಗುರವೆಂದರೆ ಹಲ್ಲು ಕಿತ್ತು ಬಟ್ಟಲಿಗೆ ಹಾಕಿದ ಮೇಲೂ ರೋಗಿ ‘ಯಾವಾಗ ಕೀಳ್ತೀರಿ?’ ಎಂದು ಕೇಳುತ್ತಿದ್ದ. ಅಷ್ಟು ಹಗುರವಾದ ಕೈಯಿಂದ ಅವರು ಕೀಳಬಾರದಷ್ಟು ಹಲ್ಲು ಕೀಳುತ್ತಿದ್ದಾರೆ ಎಂದು ನನಗೆ ಅನಿಸತೊಡಗಿದ್ದು ಸೇರಿದ ಸ್ವಲ್ಪ ದಿನಗಳಲ್ಲೇ.

ವಸಡಿನ ರೋಗಕ್ಕೆ ಆಗ ಎಲ್ಲರೂ ‘ಪಾಯೋರಿಯಾ’ ಎನ್ನುತ್ತಿದ್ದರು. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತದೆ. ಅದನ್ನು ದಿನಾ ತೆಗೆಯದಿದ್ದರೆ ಗಟ್ಟಿಯಾಗಿ ಕೊಡದ ತಳದ ಕಿಟ್ಟದ ಹಾಗೆ ಕೂಡುತ್ತದೆ. ವಸಡು ಕೆಂಪಗಾಗಿ ಊದಿ, ರಕ್ತ ಒಸರಿ, ಕೊನೆಗೆ ಕೀವಾಗಿ, ಹಲ್ಲನ್ನು ಹಿಡಿದ ಎಲುಬೇ ಕರಗುತ್ತದೆ. ಹಲ್ಲು ಅಲ್ಲಾಡುತ್ತದೆ. ಇಂಥ ಬಾಯಿ ಬಂದರೆ ಸರ್ ಮಾಡುವುದು ಒಂದೇ: ಇರುವುದನ್ನೆಲ್ಲ ಕಿತ್ತು, ಗಾಯ ಮಾಗಿದ ಮೇಲೆ ಹಲ್ಲಿನ ಸೆಟ್ಟು ಕೂಡಿಸುವುದು. ಅದು ಕ್ರೌರ್ಯವಲ್ಲ. ಅವರ ಗುರುಗಳು ಕಲಿಸಿದ್ದೇ ಹಾಗೆ. ಆ ಕೀವು ಮೈಯೊಳಗೆ ಇಳಿದು ಕೀಲು, ಗುಂಡಿಗೆ ಎಲ್ಲ ಕೆಡಿಸುತ್ತದೆ ಎಂದು ಅವರ ಕಾಲದವರು ನಂಬಿದ್ದರು.

ಕಿಟ್ಟ ಕೆರೆದು ತೆಗೆದು, ದಿನಾ ಬಾಯಿ ಸ್ವಚ್ಛ ಇಡುವುದನ್ನು ಕಲಿಸಿದರೆ ಎಷ್ಟೋ ಹಲ್ಲು ಉಳಿಯುತ್ತವೆ ಎಂದು ನಾನು ಒಮ್ಮೆ ಹೇಳಿದೆ. ಅವರು ಕರವಸ್ತ್ರದ ಹಿಂದಿನಿಂದಲೇ ನಕ್ಕರು.

‘ಸುಮನಬಾಯಿ, ನೀವು ಮುಂಬೈದಾಗ ಕಲ್ತದ್ದು ಖರೆ ಇರಬಹುದು. ಆದ್ರ ಹಳ್ಳಿ ಮಂದಿ ಹಲ್ಲು ಉಳಿಸ್ಕೋಳಾಕ ಬರೂದಿಲ್ಲ, ನೋವು ಕಳಕೋಳಾಕ ಬರ್ತಾರ. ನೀವು ಕೆರದು ಕಳಸ್ರಿ, ಬರೂ ವರ್ಷ ಅದೇ ಬಾಯಿ ತಗೊಂಡು ಬರ್ತಾರ. ದಿನಾ ಅವರ ಮನಿಗೆ ಹೋಗಿ ಹಲ್ಲು ತಿಕ್ಕವ್ರು ಯಾರು? ನೀವಾ?’

ಆ ಮಾತಿನಲ್ಲಿ ಅರ್ಧ ನಿಜವಿತ್ತು. ಕಲಿಸುವುದು ನಾನು ತಿಳಿದಷ್ಟು ಸುಲಭವಿರಲಿಲ್ಲ. ಕುರನೂರಿನ ರೈತನೊಬ್ಬ ಊದಿದ ವಸಡು ಹಿಡಿದುಕೊಂಡು ಬಂದಾಗ ನಾನು ಕಿಟ್ಟ ಕೆರೆದು, ‘ಬಿಸಿ ನೀರಾಗ ಉಪ್ಪು ಹಾಕಿ ಮುಂಜಾನಿ ಸಂಜಿ ತಗೋರಿ’ ಎಂದು ಹೇಳಿ ಕಳಿಸಿದೆ. ಮುಂದಿನ ಸಂತೆಗೆ ಅವನು ಬಂದದ್ದು ಹೊಟ್ಟೆ ಹಿಡಿದುಕೊಂಡು.

‘ಬಾಯಾರ, ವಸಡ ಸ್ವಲ್ಪ ಹಗರ ಆಗ್ಯಾವ. ಆದ್ರ ನಿಮ್ಮ ಔಷಧ ಭಾಳ ಗರಂ ಅದರಿ. ಕುಡದ್ರ ಹೊಟ್ಟಿ ನಿಂದ್ರೂದಿಲ್ಲ.’

ನಾನು ‘ತಗೋರಿ’ ಅಂದಿದ್ದೆ, ಅವನು ಚರಿಗೆಗಟ್ಟಲೆ ಕುಡಿದಿದ್ದ. ಅಂದಿನಿಂದ ಬಾಯಿಮಾತಿನಲ್ಲಿ ಹೇಳಿ ಕಳಿಸುವುದನ್ನು ಬಿಟ್ಟೆ. ನಾನೇ ಒಂದು ಗುಟುಕು ಬಾಯಿಗೆ ಹಾಕಿ, ಮುಕ್ಕಳಿಸಿ, ಉಗುಳಿ ತೋರಿಸುತ್ತಿದ್ದೆ. ಇನ್ನೊಂದು ಮನೆಯವರು ‘ಬ್ರಶ್ ಅದ ಬಿಡ್ರಿ ನಮ್ಮಲ್ಲಿ’ ಎಂದು ಹೆಮ್ಮೆಯಿಂದ ಹೇಳಿದಾಗ ಸಂತೋಷಪಟ್ಟೆ. ಆಮೇಲೆ ತಿಳಿಯಿತು, ಇಡೀ ಮನೆಗೆ ಒಂದೇ ಬ್ರಶ್ಶು, ಮೊಳೆಗೆ ತೂಗುಹಾಕಿದ್ದು, ಮೊದಲು ಎದ್ದವರಿಗೆ ಮೊದಲು. ಹೊಸಬರು ಇದನ್ನು ನೆನಪಿಡಬೇಕು: ಬ್ರಶ್ ಇದೆಯೇ ಎಂದು ಕೇಳಿದರೆ ಸಾಲದು.

ನೀಲವ್ವ ಬಂದದ್ದು ಇಂಥ ದಿನಗಳಲ್ಲೇ. ಹನ್ನೂರಿನ ದೊಡ್ಡ ಒಕ್ಕಲುತನದ ಮನೆಯ ಸೊಸೆ, ಮೂವತ್ತೈದರ ಒಳಗಿನ ವಯಸ್ಸು. ಗಂಡ ಶಿವಶರಣಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಆಕೆ ಒಳಗೆ ಬಂದು, ಕುರ್ಚಿಯಲ್ಲಿ ಕೂತು, ಸೆರಗನ್ನು ಬಾಯಿಂದ ತೆಗೆಯದೆಯೇ ಹೇಳಿದಳು.

‘ಎಲ್ಲಾ ಕಿತ್ತ ಬಿಡ್ರಿ. ಸೋಲಾಪುರದ ದೊಡ್ಡ ಡಾಕ್ಟರ ಹಂಗಽ ಹೇಳ್ಯಾರ. ಇವತ್ತ ಅರ್ಧ ಕೀಳ್ರಿ, ಮುಂದಿನ ಸಂತಿಗಿ ಅರ್ಧ.’

ಸೆರಗು ಸರಿಸಿ ನೋಡಿದೆ. ಹಲ್ಲುಗಳ ಬುಡದಲ್ಲಿ ಕಪ್ಪು ಕಿಟ್ಟ ಒಂದು ಗೋಡೆಯ ಹಾಗೆ ಕೂತಿತ್ತು. ವಸಡು ಬದನೆಯ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಮುಂದಿನ ಹಲ್ಲುಗಳು ಬೆರಳು ತಾಗಿದರೆ ಓಲಾಡುತ್ತಿದ್ದವು. ಹಿಂದಿನ ಎರಡು ದವಡೆ ಹಲ್ಲು ಉಳಿಯುವ ಹಾಗಿರಲಿಲ್ಲ. ಉಳಿದವು? ಕಷ್ಟಪಟ್ಟರೆ ಉಳಿದಾವು ಎನಿಸಿತು.

‘ಕಪ್ಪಗ ಯಾಕ ಆಗ್ಯಾವ? ಏನು ಹಚ್ಚತೀರಿ?’ ಅಂದೆ.

‘ಮಿಶ್ರಿ,’ ಎಂದಳು, ತಲೆ ತಗ್ಗಿಸಿ.

ನಮ್ಮ ಸೀಮೆಯ ಹೆಂಗಸರಿಗೆ ಮಿಶ್ರಿ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿ, ಬೆರಳಿನಿಂದ ಹಲ್ಲು, ವಸಡಿಗೆ ತಿಕ್ಕುವುದು. ಹಲ್ಲುಜ್ಜುವ ಹೆಸರಿನಲ್ಲಿ ಶುರುವಾಗುತ್ತದೆ, ಆಮೇಲೆ ಅದನ್ನು ತಿಕ್ಕದೆ ಮುಂಜಾನೆಯ ಕೆಲಸಕ್ಕೆ ಕೈಯೇ ಏಳುವುದಿಲ್ಲ. ಅದರ ಮೋಸವೆಂದರೆ ಅದು ವಸಡನ್ನು ಮರಗಟ್ಟಿಸುತ್ತದೆ. ನೋವು ಕಡಿಮೆ, ರಕ್ತವೂ ಕಡಿಮೆ ಕಾಣುತ್ತದೆ. ಕೆಡಿಸುವುದೇ ಔಷಧದ ವೇಷ ಹಾಕಿಕೊಂಡು ಕೂತಿರುತ್ತದೆ.

‘ನಿಮಗ ಎಲ್ಲಾ ಕೀಳಿಸ್ಕೋಳೂ ಮನಸ ಅದನು?’ ಎಂದು ಕೇಳಿದೆ.

ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಕಣ್ಣು ತುಂಬಿ ಬಂದವು.

‘ಬಾಯಾರ, ಮಗಳಿಗಿ ವರ ನೋಡಾಕತ್ತಾರ. ಬೀಗರ ಮುಂದ ಬೊಚ್ಚಬಾಯಿ ಮಾಡ್ಕೊಂಡು ಹೆಂಗ ನಿಂದ್ರಲಿ? ಕಡಕ ರೊಟ್ಟಿ ಕಡದು ಎಷ್ಟ ದಿನಾ ಆತೋ. ಆದ್ರ ಬಾಯಿ ನಾರತದರಿ. ಮನ್ಯಾಗ ಯಾರೂ ಅನ್ನೂದಿಲ್ಲ. ನನಗ ಗೊತ್ತಾಗತದ.’

ಅಷ್ಟು ಸಾಕಾಯಿತು. ಹೊರಗೆ ಹೋಗಿ ಶಿವಶರಣಪ್ಪನಿಗೆ ಹೇಳಿದೆ, ಎರಡು ಹಲ್ಲು ಕೀಳಬೇಕು, ಉಳಿದವಕ್ಕೆ ನನಗೆ ಸ್ವಲ್ಪ ತಿಂಗಳು ಕೊಡಿ ಎಂದು. ಅವನು ಮೆಲುಮಾತಿನ ಮನುಷ್ಯ. ‘ದೊಡ್ಡ ಡಾಕ್ಟರ ಏನಂತಾರ?’ ಎಂದು ಮಾತ್ರ ಕೇಳಿದ. ಅವರನ್ನು ನಾನು ಕೇಳುತ್ತೇನೆ ಅಂದೆ. ಸೋಲಾಪುರಕ್ಕೆ ಹೋಗಿ ಕೇಳಿದೆ ಕೂಡ. ಸರ್ ಸಿಟ್ಟಾಗಲಿಲ್ಲ. ‘ಮಾಡ್ರಿ. ಕೆಟ್ಟರ ನಿಮ್ಮ ಹೆಸರು ಕೆಡತದ, ನನ್ನದಲ್ಲ’ ಅಂದರು.

ಆ ಎರಡು ದವಡೆ ಹಲ್ಲು ಕಿತ್ತು, ಕೆಲವು ಸಂತೆಗಳ ತನಕ ಕೈಯಿಂದಲೇ ಕಿಟ್ಟ ಕೆರೆದೆ. ಹುಕ್ಕಿನಂತೆ ಬಾಗಿದ ಸಣ್ಣ ಉಕ್ಕಿನ ಸಲಕರಣೆ ಹಿಡಿದು, ಒಂದೊಂದೇ ಹಲ್ಲಿನ ಬುಡ, ವಸಡಿನ ಕೆಳಗಿನ ತನಕ. ಬೆರಳು ಸೆಟೆದುಕೊಳ್ಳುತ್ತಿದ್ದವು. ಓಲಾಡುವ ಮುಂದಿನ ಹಲ್ಲುಗಳನ್ನು ಕೂದಲೆಳೆಯಂಥ ತಂತಿಯಿಂದ ಒಂದಕ್ಕೊಂದು ಕಟ್ಟಿದೆ, ಅವುಗಳಿಗೆ ವಿಶ್ರಾಂತಿ ಸಿಗಲೆಂದು. ಮೆತ್ತನೆಯ ಬ್ರಶ್ ಕೊಟ್ಟು, ಅವಳ ಕೈ ಹಿಡಿದು ತೋರಿಸಿದೆ. ತಿಕ್ಕಬೇಕಾದ್ದು ಹಲ್ಲಿನ ಹೊಟ್ಟೆಯನ್ನಲ್ಲ, ಹಲ್ಲು ಮತ್ತು ವಸಡು ಕೂಡುವ ಗೆರೆಯನ್ನು. ಜೋರಾಗಿ ಅಲ್ಲ, ಕೂಸಿನ ತಲೆ ಸವರಿದ ಹಾಗೆ. ರಾತ್ರಿ ಉಂಡ ಮೇಲೆ ಒಮ್ಮೆ, ಮುಂಜಾನೆ ಒಮ್ಮೆ. ಮಿಶ್ರಿ ಪೂರ್ತಿ ಬಂದ್. ಅವಳು ಎಲ್ಲದಕ್ಕೂ ಹೂಂ ಅಂದಳು.

ಆಮೇಲೆ ಒಂದು ಸಂತೆಗೆ ಬರಲಿಲ್ಲ. ಮುಂದಿನ ಸಂತೆಗೂ ಇಲ್ಲ. ಅದರ ಮರುದಿನ ನವಿ ಪೇಠದ ದವಾಖಾನೆಗೆ ಶಿವಶರಣಪ್ಪ ಬಂದ. ಮೆಲುಮಾತಿನವನ ದನಿ ಅಂದು ಏರಿತ್ತು.

‘ಕಿತ್ತರ ನೋವರೆ ಹೋಗ್ತಿತ್ತು. ನೀವು ಕೆರದಿಂದ ಹಲ್ಲು ಇನ್ನಾ ಸಡ್ಲ ಆಗ್ಯಾವ. ಸಂದಿ ಬಿದ್ದಾವ, ತಣ್ಣೀರ ಕುಡದ್ರ ಝಣ್ ಅಂತಾವ, ತಿಕ್ಕಿದ್ರ ರಕ್ತ. ನಮ್ಮವ್ವ ಅಂತಾಳ, ಡಾಕ್ಟರಬಾಯಿ ನಿನ್ನ ಹೇಂತಿ ಬಾಯಾಗ ಕಲಿಯಾಕತ್ಯಾಳ ಅಂತ.’

ದವಾಖಾನೆಯಲ್ಲಿ ಕೂತವರೆಲ್ಲ ನನ್ನನ್ನೇ ನೋಡಿದರು. ಒಳಗಿನಿಂದ ವಸಂತರಾವ್ ಸರ್ ಬಂದು ನಿಂತರು. ‘ನಾ ಹೇಳಿದ್ನಲ್ಲಾ’ ಎಂಬ ಮಾತು ಅವರ ಕಣ್ಣಲ್ಲಿತ್ತು, ಬಾಯಿಂದ ಬರಲಿಲ್ಲ. ಅದಕ್ಕಾಗಿ ಇಂದಿಗೂ ಅವರಿಗೆ ಋಣಿ.

ಗೋಡೆಯಂತಿದ್ದ ಕಿಟ್ಟ ಹೋದ ಮೇಲೆ ಊದಿದ ವಸಡು ಇಳಿಯುತ್ತದೆ. ಹಲ್ಲಿನ ನಡುವೆ ಸಂದಿ ಕಾಣುತ್ತದೆ, ಬೇರು ತೆರೆದು ತಣ್ಣೀರು ತಾಗುತ್ತದೆ. ಹಲ್ಲು ಗಟ್ಟಿಯಾಗುವ ಮೊದಲು ಇನ್ನೂ ಸಡಿಲಾದ ಹಾಗೆ ಅನಿಸುತ್ತದೆ. ಇದೆಲ್ಲ ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಆದರೆ ರಕ್ತ ಇಷ್ಟು ದಿನಕ್ಕೆ ನಿಲ್ಲಬೇಕಿತ್ತು. ಅದೇಕೆ ನಿಲ್ಲಲಿಲ್ಲ?

‘ನಾ ಮನಿಗಿ ಬಂದು ನೋಡ್ತೀನಿ,’ ಅಂದೆ.

ಶಿವಶರಣಪ್ಪ ಅದನ್ನು ನಿರೀಕ್ಷಿಸಿರಲಿಲ್ಲ. ಸಿಟ್ಟು ಅರ್ಧ ಇಳಿಯಿತು. ‘ಬರ್ರಿ’ ಅಂದ.

ಹನ್ನೂರಿನ ಆ ಮನೆ ದೊಡ್ಡದು. ನಡುವೆ ಅಂಗಳ, ಒಂದು ಕಡೆ ಶೇಂಗಾದ ಚೀಲ, ಇನ್ನೊಂದು ಕಡೆ ಅಡಿಗೆಮನೆ. ಶಿವಶರಣಪ್ಪನ ತಾಯಿ ಕಾಶೀಬಾಯಿ ಹೊಸ್ತಿಲ ಹತ್ತಿರ ಕೂತಿದ್ದರು. ಅಗಲ ಮುಖ, ದೊಡ್ಡ ಕುಂಕುಮ. ಎದುರಿಗೆ ಹಿತ್ತಾಳೆಯ ಸಣ್ಣ ಡಬ್ಬಿ. ಅದರಲ್ಲೇನಿದೆ ಎಂದು ಕೇಳಬೇಕಾಗಿರಲಿಲ್ಲ.

‘ಬರ್ರಿ ಬಾಯಾರ, ಕೂಡ್ರಿ. ಚಾ ಕುಡೀರಿ,’ ಎಂದರು. ಸತ್ಕಾರದಲ್ಲಿ ಕೊರತೆಯಿಲ್ಲ, ದನಿಯಲ್ಲಿ ಮಾತ್ರ ನಗು ಇಲ್ಲ. ‘ನನ್ನ ಸೊಸಿ ಬಂಗಾರದಂಥಾಕಿ. ಆಕಿನ್ನ ಯಾಕ ಹಿಂಗ ಗೋಳಾಡಸ್ತೀರಿ? ಹೆಣ್ಮಕ್ಕಳಿಗಿ ಹಲ್ಲು ಹೋಗೂದು ಇದ್ದದ್ದಽ. ನನಗ ಬಾಣಂತನ ಬಾಣಂತನಕ್ಕ ಹೋದ್ವು. ರಕ್ತ ಬರೂ ಜಾಗಾದಾಗ ಯಾರರೆ ತಿಕ್ಕತಾರಾ? ನಾನಽ ಹೇಳೀನಿ, ಬ್ಯಾಡ ತಿಕ್ಕಬ್ಯಾಡ, ಸ್ವಲ್ಪ ಮಿಶ್ರಿ ಹಚ್ಚು, ತಂಪ ಆಗತದ ಅಂತ.’

ನೀಲವ್ವ ಕಂಬದ ಮರೆಯಲ್ಲಿ ನಿಂತಿದ್ದಳು. ನಾನು ಅವಳನ್ನು ಬಿಸಿಲಿಗೆ ಕರೆದು, ತುಟಿ ಸರಿಸಿ ನೋಡಿದೆ. ಅವಳ ಬಾಯಿ ಎರಡು ಬಾಯಿಯಾಗಿತ್ತು. ಬಲಗಡೆ ವಸಡು ಮತ್ತೆ ಕೆಂಪಗೆ ಊದಿತ್ತು, ಮುಟ್ಟಿದರೆ ರಕ್ತ. ಎಡಗಡೆ ತೆಳು ಗುಲಾಬಿ ಬಣ್ಣ, ಹಲ್ಲಿಗೆ ಬಿಗಿಯಾಗಿ ಅಂಟಿಕೊಂಡ ವಸಡು.

‘ನೀಲವ್ವ, ಖರೆ ಹೇಳ್ರಿ. ಎಡಗಡಿ ತಿಕ್ಕಾಕತ್ತೀರೇನು?’

ಅವಳು ಅತ್ತೆಯ ಕಡೆ ಒಮ್ಮೆ ನೋಡಿದಳು. ‘ಹೂಂರಿ. ಬಲಗಡಿ ಭಾಳ ರಕ್ತ ಬರ್ತಿತ್ತು, ಅತ್ತಿಯಾರು ಬ್ಯಾಡ ಅಂದ್ರು. ಅಲ್ಲಿ ಮಿಶ್ರಿ ಹಚ್ಚೀನಿ. ಎಡಗಡಿ ನೋವಿರಲಿಲ್ಲ. ನೀವು ಕಲಸಿದ್ದು ಪೂರಾ ಬಿಡಬಾರದು ಅಂತ ಅಲ್ಲಿ ಅಷ್ಟಽ ತಿಕ್ಕೀನಿ.’

ಪುಸ್ತಕ ಓದಿ ಹೇಳಿದ್ದರೆ ಕಾಶೀಬಾಯಿಯವರು ಕೇಳುತ್ತಿರಲಿಲ್ಲ. ನಾನು ಏನೂ ಹೇಳಲೂ ಇಲ್ಲ. ಚೀಲದಿಂದ ಸಣ್ಣ ಕನ್ನಡಿ ತೆಗೆದೆ. ‘ಅವ್ವಾರ, ನೀವಽ ಬಂದು ನೋಡ್ರಿ’ ಅಂದೆ.

ಅವರು ಮೊಣಕಾಲ ಮೇಲೆ ಕೈಯೂರಿ ಎದ್ದು ಬಂದರು. ನಾನು ಸೊಸೆಯ ತುಟಿ ಎಡಕ್ಕೆ ಸರಿಸಿದೆ. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ತಾವೇ ಬೆರಳು ಚಾಚಿ ಎಡಗಡೆಯ ಹಲ್ಲೊಂದನ್ನು ಒತ್ತಿದರು. ಅದು ಸ್ವಲ್ಪವೇ ಅಲುಗಿತು. ಬಲಗಡೆಯದನ್ನು ಒತ್ತಿದರು. ಅದು ಓಲಾಡಿತು, ನೀಲವ್ವ ‘ಅವ್ವಾ’ ಎಂದಳು, ಬೆರಳಿಗೆ ರಕ್ತ ಹತ್ತಿತು.

ಕಾಶೀಬಾಯಿ ತಮ್ಮ ಬೆರಳನ್ನೇ ನೋಡುತ್ತ ನಿಂತರು.

‘ಒಂದಽ ಬಾಯಾಗ ಎರಡ ಬಣ್ಣ,’ ಅಂದರು. ಆಮೇಲೆ, ‘ಬಲಗಡಿ ನಾ ಹೇಳಿದ್ದು ಕೇಳ್ಯಾಳ. ಎಡಗಡಿ ನೀವು ಹೇಳಿದ್ದು.’

ಅವರು ಅಲ್ಲೇ ಕೂತು, ಸೆರಗಿನಿಂದ ಬೆರಳು ಒರೆಸಿಕೊಂಡರು. ‘ಹಂಗಾದ್ರ ನನ್ನವೂ ಉಳೀತಿದ್ವನು?’ ಎಂದು ಕೇಳಿದರು. ಅವರ ಬಾಯಲ್ಲಿ ಆಗ ಉಳಿದದ್ದು ಬೆರಳೆಣಿಕೆಯಷ್ಟು. ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ತಿನ್ನತೊಡಗಿ ಎಷ್ಟೋ ವರ್ಷಗಳಾಗಿದ್ದವು. ನಾನು ಸುಳ್ಳು ಹೇಳಲಿಲ್ಲ. ‘ಭಾಳಷ್ಟು ಉಳೀತಿದ್ವು ಅವ್ವಾರ. ಬಸರಿದ್ದಾಗ ವಸಡ ಸ್ವಲ್ಪ ಊದತಾವ, ರಕ್ತ ಬರ್ತದ. ಆಗಽ ಹೆಚ್ಚಿಗಿ ಜ್ವಾಪಾನ ಮಾಡಬೇಕು. ನಾವು ಅಂಜಿ ಬಿಟ್ಟಬಿಡ್ತೀವಿ’ ಅಂದೆ.

ಮಿಶ್ರಿ ಬಿಡುತ್ತೇನೆಂದು ಅವರು ಮಾತು ಕೊಡಲಿಲ್ಲ. ‘ನನ್ನ ಕೈಲಿ ಆಗೂದಿಲ್ಲ, ಬಿಟ್ಟರ ತಲಿ ಗಿರ್ ಅಂತದ. ಆದ್ರ ಇನ್ನ ಮ್ಯಾಲ ಈ ಮನ್ಯಾಗ ತಂಬಾಕ ಹುರಿಯೂದಿಲ್ಲ. ಸೊಸಿ ಮುಟ್ಟೂದಿಲ್ಲ, ಮೊಮ್ಮಗಳೂ ಮುಟ್ಟೂದಿಲ್ಲ’ ಅಂದರು. ಆ ಮಾತನ್ನು ಉಳಿಸಿಕೊಂಡರು. ತಾವು ಮಾತ್ರ ಹೊಲದ ಕಡೆ ಹೋದಾಗ ಗುಟ್ಟಾಗಿ ತಿಕ್ಕುತ್ತಿದ್ದರಂತೆ. ಎಲ್ಲವನ್ನೂ ಗೆದ್ದೆ ಎಂದು ಬರೆದರೆ ತಪ್ಪಾಗುತ್ತದೆ.

ನೀಲವ್ವ ಮರುವಾರದಿಂದ ಮತ್ತೆ ಬರತೊಡಗಿದಳು. ಬಲಗಡೆಯನ್ನು ಮತ್ತೆ ಕೆರೆದೆ. ಈ ಸಲ ಏನೇನಾಗುತ್ತದೆ ಎಂದು ಮೊದಲೇ ಹೇಳಿದೆ: ಝಣ್ ಅಂದೀತು, ಸಂದಿ ಕಂಡೀತು, ರಕ್ತ ಕಂಡರೆ ಬಿಡಬೇಡಿ, ರಕ್ತ ಬರುವುದೇ ಅಲ್ಲಿ ಪಾಚಿ ಉಳಿದ ಗುರುತು, ಮೆಲ್ಲಗೆ ತಿಕ್ಕುತ್ತ ಹೋದರೆ ತಾನೇ ನಿಲ್ಲುತ್ತದೆ. ಬ್ರಶ್ ಸವೆದರೆ ಬೇವಿನ ಕಡ್ಡಿಯೂ ನಡೆಯುತ್ತದೆ, ತುದಿ ಜಗಿದು ಮೆತ್ತಗೆ ಮಾಡಿಕೊಂಡು ವಸಡಿನಿಂದ ಹಲ್ಲಿನ ಕಡೆಗೆ ಎಳೆಯಿರಿ ಎಂದೆ. ಹಳ್ಳಿಯ ಕಡ್ಡಿಯನ್ನು ಹೀಗಳೆದು ಅಂಗಡಿಯ ಬ್ರಶ್ಶನ್ನು ಹೊಗಳುವ ಹೊಸ ಡಾಕ್ಟರರಿಗೆ ನಾನು ಹೇಳುವುದಿಷ್ಟೇ, ಕೆಲಸ ಮಾಡುವುದು ಕೈ, ಕಡ್ಡಿಯಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಹಲ್ಲಿಗೆ ಕಟ್ಟಿದ ತಂತಿ ಬಿಚ್ಚಿದೆ. ಮುಂದಿನ ಹಲ್ಲುಗಳು ನಿಂತಿದ್ದವು. ವಸಡು ಇಳಿದು ಹಲ್ಲು ಸ್ವಲ್ಪ ಉದ್ದ ಕಾಣುತ್ತಿದ್ದವು, ನಡುವೆ ಸಂದಿಯೂ ಇತ್ತು. ಕರಗಿದ ಎಲುಬು ಮರಳಿ ಬರುವುದಿಲ್ಲ. ಆದರೆ ಅವು ಅವಳದೇ ಹಲ್ಲು. ಅವಳನ್ನು ಸೋಲಾಪುರಕ್ಕೆ ಕರೆಸಿ ವಸಂತರಾವ್ ಸರ್‌ಗೆ ತೋರಿಸಿದೆ. ಅವರು ಚಿಮಟಿಗೆಯಲ್ಲಿ ಒಂದೊಂದೇ ಹಲ್ಲು ಹಿಡಿದು ಅಲುಗಿಸಿ ನೋಡಿದರು. ಮೇಲಿನ ಸಾಲು, ಕೆಳಗಿನ ಸಾಲು. ‘ಹೂಂ’ ಅಂದರು. ಅಷ್ಟೇ. ನೀಲವ್ವ ಅವರ ಮೇಜಿನ ಮೇಲೆ ಕಡಕ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಇಟ್ಟು, ಸೆರಗು ಬಾಯಿಗೆ ಹಿಡಿಯದೆ ನಕ್ಕು, ಹೋದಳು. ಆ ವರ್ಷವೇ ಮಗಳ ಮದುವೆ ಮಾಡಿದಳು.

ಅದಾದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ದವಾಖಾನೆ ಖಾಲಿ ಇದ್ದಾಗ ಸರ್ ಬಾಗಿಲು ಮುಂದೆ ಮಾಡಿ ಬಂದರು. ಕರವಸ್ತ್ರ ಕಿಸೆಗೆ ಹಾಕಿದರು. ಆ ಕಬ್ಬಿಣದ ಕುರ್ಚಿಯ ಮೇಲೆ ತಾವೇ ಕೂತರು.

‘ನಂದೂ ಸ್ವಲ್ಪ ನೋಡ್ರಿ, ಸುಮನಬಾಯಿ.’

ಮೊದಲು ನನಗೆ ಅರ್ಥವಾಗಲಿಲ್ಲ. ಬಾಯಿ ತೆರೆದ ಮೇಲೆ ಅರ್ಥವಾಯಿತು. ಆ ಕರವಸ್ತ್ರ ಡೌಲಿಗೆ ಹಿಡಿದದ್ದಾಗಿರಲಿಲ್ಲ. ಅವರ ವಸಡು ನೀಲವ್ವನಷ್ಟಲ್ಲದಿದ್ದರೂ ಸಾಕಷ್ಟು ಕೆಟ್ಟಿತ್ತು. ಕೆಳಗಿನ ಹಲ್ಲುಗಳು ಅಲುಗುತ್ತಿದ್ದವು.

‘ಎಷ್ಟ ದಿನದಿಂದ ಸರ್?’

‘ಭಾಳ ವರ್ಷ.’

ಕೇಳಬಾರದೆಂದುಕೊಂಡರೂ ಕೇಳಿಬಿಟ್ಟೆ. ‘ಮತ್ತ ನೀವು ಯಾಕ ಕೀಳಿಸ್ಕೋಳಿಲ್ಲ?’

ಅವರು ಕಿಟಕಿಯ ಕಡೆ ನೋಡಿದರು. ಕೆಳಗೆ ಪೇಠದಲ್ಲಿ ಯಾರೋ ಚಾದರದ ಬೆಲೆ ಕೂಗುತ್ತಿದ್ದರು. ‘ಅಂಜಿಕಿ,’ ಅಂದರು. ‘ಮಂದಿಗೆ ಹೇಳೂದು ಸರಳ. ಮುಂಜಾನಿ ಎದ್ದು ಕನ್ನಡಿ ಮುಂದ ನಿಂತು, ಎಲ್ಲಾ ಹೋದ ಮ್ಯಾಲೆ ಈ ಮಾರಿ ಹೆಂಗ ಕಾಣ್ತದ ಅಂತ ನೋಡ್ತಿದ್ದೆ. ಒಬ್ಬನಽ. ಆ ಹನ್ನೂರ ಬಾಯಿ ಅವತ್ತ ನಗತ ಹೋದ್ಲಲ್ಲಾ, ಅದಽ ತಲ್ಯಾಗ ಕೂತುಬಿಟ್ಟದ.’

ಗುರುವಿನಂಥವರ ಬಾಯಿಗೆ ಸಲಕರಣೆ ಹಾಕುವುದು ಸುಲಭವಲ್ಲ. ಅವರು ಒಳ್ಳೆಯ ರೋಗಿಯೂ ಆಗಿರಲಿಲ್ಲ. ನಡುನಡುವೆ ಕೈ ಎತ್ತಿ ‘ಇಲ್ಲಿ ಇನ್ನಾ ಅದ’ ಎಂದು ನನಗೇ ಹೇಳಿಕೊಡುತ್ತಿದ್ದರು. ಬ್ರಶ್ ಮಾಡಿ ತೋರಿಸಿ ಎಂದರೆ ಬೂಟಿಗೆ ಪಾಲಿಶ್ ಹಾಕಿದ ಹಾಗೆ ಅತ್ತಿಂದಿತ್ತ ಎಳೆದು ಮುಗಿಸಿಬಿಟ್ಟರು. ನಾನು ನಕ್ಕೆ, ಅವರೂ ನಕ್ಕರು. ಕುರನೂರಿನ ರೈತನಿಗೆ ತೋರಿಸಿದ ಹಾಗೆಯೇ ಅವರಿಗೂ ತೋರಿಸಿದೆ. ಒಂದು ಹಲ್ಲು ಉಳಿಯಲಿಲ್ಲ. ಅದನ್ನು ನಾನೇ ಕಿತ್ತೆ. ‘ಕೈ ಹಗರ ಅದ’ ಎಂದರು. ಅಷ್ಟು ದೊಡ್ಡ ಶಹಬ್ಬಾಸಗಿರಿ ನನಗೆ ಮತ್ತೆ ಯಾರಿಂದಲೂ ಸಿಗಲಿಲ್ಲ. ಉಳಿದವು ನಿಂತವು.

ಈ ಕಸುಬಿಗೆ ಹೊಸದಾಗಿ ಬರುವವರಿಗೆ ಒಂದು ಮಾತು. ವಸಡಿನ ರೋಗವನ್ನು ನೀವು ವಾಸಿ ಮಾಡುವುದಿಲ್ಲ. ನೀವು ಕಿಟ್ಟ ತೆಗೆಯುತ್ತೀರಿ, ದಾರಿ ತೋರಿಸುತ್ತೀರಿ. ವಾಸಿ ಮಾಡುವುದು ಆ ಮನೆಯ ಬಚ್ಚಲಿನ ಮುಂದೆ ದಿನಾ ಎದ್ದು ನಿಲ್ಲುವ ರೋಗಿ. ಅದಕ್ಕೇ ರೋಗಿಗೆ ತನ್ನ ಬಾಯಿಯನ್ನು ತಾನೇ ನೋಡುವುದನ್ನು ಕಲಿಸಬೇಕು. ಆಮೇಲೆ ಅಂಥವರು ತಾವಾಗಿಯೇ ಬರುತ್ತಾರೆ, ಇನ್ನೊಬ್ಬರನ್ನೂ ಕರೆತರುತ್ತಾರೆ.

ಮುಂದಿನ ಬೇಸಿಗೆಯ ಮೊದಲು ಹನ್ನೂರಿನಿಂದ ಕರೆ ಬಂತು. ಊರ ಹೆಂಗಸರನ್ನು ಕೂಡಿಸುತ್ತೇನೆ, ಬಂದು ನೋಡಿರೆಂದು ಕಾಶೀಬಾಯಿಯವರೇ ಹೇಳಿ ಕಳಿಸಿದ್ದರು. ನಾನು ಹೊರಟಾಗ ಸರ್ ‘ನಾನೂ ಬರ್ತೀನಿ’ ಎಂದು ಚೀಲ ಹಿಡಿದರು. ಶಾಲೆಯ ಜಗಲಿಯ ಮೇಲೆ ಹೆಂಗಸರು ತುಂಬಿದ್ದರು. ದೊಡ್ಡ ಡಾಕ್ಟರರನ್ನು ನೋಡಿ ಪಿಸುಗುಟ್ಟಿದರು. ಇಕ್ಕಳದ ಡಾಕ್ಟರ ಬಂದಾರ ಎಂದು ಯಾರೋ ಅಂದದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿತು.

ನಾನು ಮಾತು ಶುರು ಮಾಡುವ ಮೊದಲೇ ಅವರು ಮುಂದೆ ಹೋಗಿ ನಿಂತರು. ಕರವಸ್ತ್ರ ಇರಲಿಲ್ಲ.

‘ನೋಡ್ರಿ ತಾಯಂದಿರಽ,’ ಅಂದರು. ‘ನಾ ಇಷ್ಟ ವರ್ಷ ಇಂಥಾ ವಸಡ ಕಂಡ್ರ ಎಲ್ಲಾ ಹಲ್ಲು ಕಿತ್ತೀನಿ. ನನ್ನ ಬಾಯಾಗೂ ಇದಽ ರೋಗ ಇತ್ತು. ಈ ಬಾಯಾರು ಕೆರದು, ತಿಕ್ಕೂದು ಕಲಸಿ ಉಳಿಸ್ಯಾರ. ಬರ್ರಿ, ನೋಡ್ರಿ.’ ಹೇಳಿ, ಸೋಲಾಪುರದ ಆ ದೊಡ್ಡ ಮನುಷ್ಯ ಹಳ್ಳಿಯ ಹೆಂಗಸರ ಮುಂದೆ ಬಗ್ಗಿ, ತುಟಿ ಎತ್ತಿ ಹಿಡಿದು, ಬಾಯಿ ತೆರೆದು ತೋರಿಸಿದರು. ಮೊದಲು ಒಂದಿಬ್ಬರು ಸೆರಗಿನಲ್ಲಿ ನಕ್ಕರು. ಆಮೇಲೆ ಒಬ್ಬೊಬ್ಬರೇ ಎದ್ದು ಬಂದು ಇಣುಕಿ ನೋಡಿದರು. ಅವರು ಎಲ್ಲರಿಗೂ ಕಾಣುವ ತನಕ ಹಾಗೆಯೇ ನಿಂತಿದ್ದರು.

ಜನ ಹಿಂದೆ ಸರಿದಾಗ ಮೂಲೆಯಲ್ಲಿ ಒಬ್ಬ ಎಳೆಯ ಬಸುರಿ ಹೆಂಗಸು ಉಳಿದಿದ್ದಳು. ಸೆರಗು ಬಾಯಿಗಿತ್ತು. ‘ಭಾಳ ರಕ್ತ ಬರ್ತದರಿ,’ ಅಂದಳು ಸಣ್ಣ ದನಿಯಲ್ಲಿ. ‘ಎಲ್ಲಾ ಕಿತ್ತ ಬಿಡ್ತೀರೇನ್ರಿ?’

‘ಯಾವ್ದೂ ಕೀಳೂದಿಲ್ಲವಾ,’ ಎಂದರು ವಸಂತರಾವ್ ಸರ್. ‘ಬಾ, ಇಲ್ಲಿ ಬಿಸಿಲಿಗಿ ಕೂಡು.’

ಅವಳನ್ನು ಜಗಲಿಯ ಅಂಚಿಗೆ ಕೂಡಿಸಿ, ಅಂಗಿಯ ತೋಳು ಮಡಿಸಿ, ನನ್ನ ಕಡೆ ಕೈ ಚಾಚಿದರು. ನಾನು ಕೆರೆಯುವ ಸಲಕರಣೆ ಕೊಟ್ಟೆ. ಅದನ್ನು ಎರಡು ಸಲ ಬೆರಳುಗಳಲ್ಲಿ ತಿರುಗಿಸಿ ಸರಿಯಾಗಿ ಹಿಡಿದುಕೊಂಡರು, ನಾನು ಹಿಡಿಯುವ ಹಾಗೆ. ಆ ಹಗುರವಾದ ಕೈ ಆ ಹುಡುಗಿಯ ಮೊದಲ ಹಲ್ಲಿನ ಬುಡಕ್ಕೆ ಇಳಿಯಿತು. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿದ್ದಳು. ಸ್ವಲ್ಪ ಹೊತ್ತಿಗೆ, ನೋವಾಗುವುದಿಲ್ಲ ಎಂದು ತಿಳಿದ ಮೇಲೆ, ತೆರೆದಳು.